ನಲವತ್ತಮೂರನೆಯ ಮನೆ

"ಓದದ ಕಾಗದವನ್ನು ಮಕ್ಕಳ ಮುಂದೆ ಹಿಡಿಯಬೇಡ, ಹಿಡಿದರೆ ನಾಲ್ಕು ಅಂಚು ಸಮೇತ ಹಿಡಿ. ಇದು ನೀವು ನಮಗೆ ಕಲಿಸಿದ ಮೊದಲ ನಿಯಮ, ಗುರುಗಳೇ. ಇದನ್ನು ಮುರಿಯದ ಮೇಷ್ಟ್ರು ಈಗ ಹುಡುಕಿದರೂ ಸಿಗುವುದಿಲ್ಲ. ಎಲ್ಲರೂ ಮುರಿದ ಮೇಲೆ ನಾನೊಬ್ಬ ಯಾಕೆ ಪಾಲಿಸಬೇಕು?"

ಕೇಳಿದವನು ಹಾಲೇಶ, ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುವವನು. ಉತ್ತರ ಹೇಳಬೇಕಾದವರು ರುದ್ರಮುನಿ ಮೇಷ್ಟ್ರು. ಅವರು ಮೂವತ್ತು ವರ್ಷ ತರಬೇತಿ ಶಾಲೆಯಲ್ಲಿದ್ದು ಮೇಷ್ಟ್ರುಗಳನ್ನೇ ತಿದ್ದಿದವರು. ತಪ್ಪು ಹೇಳಿದವನನ್ನು ಅವರು ಬೈಯುತ್ತಿರಲಿಲ್ಲ; ಅದನ್ನೇ ಮತ್ತೊಮ್ಮೆ ಹೇಳಿಸುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ ಎಂದು ಶಿಷ್ಯರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದರು.

ಬರುವ ಮಂಗಳವಾರ ಹಾಲೇಶ ಒಂದು ಮಾದರಿ ಪಾಠ ಮಾಡಬೇಕಿತ್ತು. ತಾಲ್ಲೂಕಿನ ಅರವತ್ತು ಮೇಷ್ಟ್ರುಗಳು ತರಗತಿಯ ಹಿಂದೆ ಕೂತು ನೋಡುವವರಿದ್ದರು. ವಿಷಯ, ಅಂತರ್ಜಾಲದಲ್ಲಿರುವ ಮೂಲ ದಾಖಲೆಗಳನ್ನು ಪಾಠಕ್ಕೆ ಬಳಸುವುದು. ಮೇಲಿನವರು ಎಲ್ಲವನ್ನೂ ಸಿದ್ಧಮಾಡಿ ಅವನ ಮೊಬೈಲಿಗೆ ಕಳಿಸಿದ್ದರು. ಒಂದು ಹಳೆಯ ಪತ್ರದ ಚಿತ್ರ, ಅದರ ಕೆಳಗೆ ಆರು ಸಾಲಿನ ಸಾರಾಂಶ, ಮೂರು ಪ್ರಶ್ನೆ, ಮೂರು ಉತ್ತರ. ಮಕ್ಕಳು ಮೂರು ಉತ್ತರಗಳನ್ನೂ ಬಾಯಿಪಾಠ ಮಾಡಿ ಆಗಿತ್ತು. ಪಾಠ ಎಡವದೆ ನಡೆದರೆ ಹಾಲೇಶನ ಹೆಸರು ಜಿಲ್ಲೆಯ ತರಬೇತುದಾರರ ಪಟ್ಟಿಗೆ ಸೇರುತ್ತದೆ. ಆರು ವರ್ಷದಿಂದ ಅವನು ಕಾದು ಕೂತಿದ್ದ ಪಟ್ಟಿ ಅದು.

"ಆ ಪತ್ರವನ್ನು ಓದಿದ್ದೀಯಾ?" ಎಂದರು ಮೇಷ್ಟ್ರು.

"ಸಾರಾಂಶ ಓದಿದ್ದೇನೆ, ಗುರುಗಳೇ."

"ನಾನು ಕೇಳಿದ್ದು ಪತ್ರ."

"ಅದು ಮೋಡಿ ಬರಹ. ಲೇಖನಿ ಎತ್ತದೆ ಅಕ್ಷರಕ್ಕೆ ಅಕ್ಷರ ಹೆಣೆದುಬಿಟ್ಟಿದ್ದಾರೆ. ಕೋಳಿ ಕೆದರಿದ ಹಾಗಿದೆ. ಯಾರಿಗೆ ಓದಲು ಬರುತ್ತದೆ, ನೀವೇ ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಕೂತುಕೋ. ಒಂದು ಊರಿನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಕಂಬಳಿ ನೇಯುವವರ ಒಂದು ಊರಿತ್ತು. ಆ ಊರಿನಲ್ಲಿ ಒಂದು ಶಾಲೆ. ಶಾಲೆ ನಿಂತಿದ್ದ ನೆಲ ಒಂದಾನೊಂದು ಕಾಲಕ್ಕೆ ನೇಕಾರರ ಬಯಲಾಗಿತ್ತು. ಕಂಬಳಿ ನೇಯುವುದೆಂದರೆ ಮಗ್ಗದ ಮುಂದೆ ಕೂತರೆ ಆಗುವ ಕೆಲಸವಲ್ಲ. ಮೊದಲು ಉಣ್ಣೆಯ ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಬಿಗಿಯಬೇಕು, ಹುಣಸೆ ಬೀಜದ ಗಂಜಿ ಬಳಿಯಬೇಕು, ಬಿಸಿಲಿಗೆ ಒಣಗಿಸಬೇಕು. ಇದಕ್ಕೆ ಹಾಸು ಹಾಕುವುದು ಎನ್ನುತ್ತಾರೆ. ಬಯಲಿಲ್ಲದೆ ಹಾಸಿಲ್ಲ, ಹಾಸಿಲ್ಲದೆ ಕಂಬಳಿಯಿಲ್ಲ.

ಅಂಥ ಬಯಲನ್ನು ಊರಿನ ನಲವತ್ತಮೂರು ಮನೆಯವರು ಒಮ್ಮನಸ್ಸಿನಿಂದ ಶಾಲೆಗೆ ಕೊಟ್ಟರು ಎಂಬುದು ಆ ಊರಿನ ಹೆಮ್ಮೆ. ಬಾಯಿಂದ ಬಾಯಿಗೆ ಬಂದ ಮಾತು. ಅದಕ್ಕೆ ಕಾಗದವೂ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಸರ್ಕಾರದವರು ಹಳೆಯ ಕಡತಗಳ ಚಿತ್ರ ತೆಗೆದು ಅಂತರ್ಜಾಲದಲ್ಲಿ ಇಟ್ಟ ಮೇಲೆ ಶಾಲೆಯ ಹೆಡ್ ಮೇಷ್ಟ್ರು ಒಂದು ದಿನ ಕೂತು ಹುಡುಕಿದರು. ಸಿಕ್ಕಿಯೇಬಿಟ್ಟಿತು! ಊರಿನವರು ಅಮಲ್ದಾರರಿಗೆ ಕೊಟ್ಟ ಪತ್ರ. ಬರೆದವನು ಶಾನುಭೋಗ, ಅದೂ ಮೋಡಿಯಲ್ಲಿ; ಊರಿನ ಹೆಸರೂ ವಿಷಯವೂ ಕಡತದ ಪಟ್ಟಿಯಲ್ಲಿ ಅಚ್ಚಾಗಿದ್ದರಿಂದ ಗುರುತು ಸಿಕ್ಕಿತು. ಮೇಲೆ ಒಕ್ಕಣೆ, ಕೆಳಗೆ ಮನೆಮನೆಯ ಯಜಮಾನರ ಹೆಸರು, ಹೆಸರಿನ ಮುಂದೆ ಹೆಬ್ಬೆಟ್ಟು.

ಹೆಡ್ ಮೇಷ್ಟ್ರು ಒಳ್ಳೆಯ ಮನುಷ್ಯ. ಆ ಚಿತ್ರವನ್ನು ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ಶಾಲೆಯ ಗೋಡೆಗೆ ತೂಗುಹಾಕಿದರು. "ಊರೆಲ್ಲ ಒಮ್ಮನಸ್ಸಿನಿಂದ ಬಯಲನ್ನು ಶಾಲೆಗೆ ಕೊಟ್ಟ ಪತ್ರ" ಎಂದು ಕೆಳಗೆ ಬರೆಸಿದರು. ಅಷ್ಟಕ್ಕೇ ಬಿಡಲಿಲ್ಲ. ಶಾಲೆ ಹುಟ್ಟಿದ ದಿನಕ್ಕೆ ಹೆಬ್ಬೆಟ್ಟಿನ ಹಬ್ಬವೆಂದು ಹೆಸರಿಟ್ಟರು. ಅಂದು ಒಂದು ದೊಡ್ಡ ಬಿಳಿ ಹಾಳೆಯನ್ನು ಮೇಜಿನ ಮೇಲೆ ಹಾಸುತ್ತಾರೆ. ಒಂದನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ಮಕ್ಕಳೆಲ್ಲ ಸಾಲಾಗಿ ಬಂದು, ಶಾಯಿಗೆ ಹೆಬ್ಬೆರಳು ಅದ್ದಿ, ಆ ಹಾಳೆಯ ಮೇಲೆ ಒತ್ತಿ ಹೋಗುತ್ತಾರೆ. ಹಾಳೆಯ ಮೇಲ್ಭಾಗದಲ್ಲಿ ಏನೋ ಬರೆದಿರುತ್ತದೆ. ಅದನ್ನು ನಿಂತು ಓದುವಷ್ಟು ಪುರುಸೊತ್ತು ಸಾಲಿಗಿರುವುದಿಲ್ಲ.

"ಶಾಲೆಯಲ್ಲಿ ಹೆಬ್ಬೆಟ್ಟಿನ ಹಬ್ಬವೇ!" ಎಂದು ಹಾಲೇಶ ನಕ್ಕುಬಿಟ್ಟ.

"ಹೌದು. ಎಂಟು ವರ್ಷ ನಡೆಯಿತು. ಒಬ್ಬರೂ ನಗಲಿಲ್ಲ" ಎಂದು ಮೇಷ್ಟ್ರು ಮುಂದುವರಿಸಿದರು.

ಸುತ್ತಲಿನ ಶಾಲೆಗಳವರೂ ಆ ಚಿತ್ರವನ್ನು ತರಿಸಿಕೊಂಡರು. ಮೊಬೈಲಿನಿಂದ ಮೊಬೈಲಿಗೆ ಹೋಗಲು ಎಷ್ಟು ಹೊತ್ತು? ಒಬ್ಬರು ಎಡಗಡೆಯ ಕರೆಯನ್ನು ಕತ್ತರಿಸಿದರು. ಮಕ್ಕಳಿಗೆ ಕೊಳಕು ಕಾಣಿಸಬಾರದು ಎಂದು. ಇನ್ನೊಬ್ಬರು ಮೇಲಿನ ಮುದ್ರೆಯನ್ನು ಕತ್ತರಿಸಿದರು. ತಲೆಬರಹ ಹಾಕಲು ಜಾಗ ಬೇಕು ಎಂದು. ಒಂದು ಕಿರುಹೊತ್ತಗೆಯವರು ಹೆಸರುಗಳನ್ನೂ ಬಿಟ್ಟು ಹೆಬ್ಬೆಟ್ಟುಗಳನ್ನಷ್ಟೇ ಮುಖಪುಟಕ್ಕೆ ಹಾಕಿಕೊಂಡರು; ನೋಡಲು ಹೂವಿನ ಹಾಗಿದೆ ಎಂದು. ಅವರವರ ಕಾರಣ ಅವರವರಿಗೆ ನ್ಯಾಯವಾಗಿಯೇ ಇತ್ತು. ಯಾರಲ್ಲೂ ಕಪಟವಿರಲಿಲ್ಲ. ಯಾರೂ ಓದಿಯೂ ಇರಲಿಲ್ಲ.

ಆ ಶಾಲೆಗೆ ಒಬ್ಬ ಹೊಸ ಶಿಕ್ಷಕಿ ಬಂದಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಓದದೆ ಪಾಠ ಮಾಡಬಾರದು ಎಂದು ಅವಳಿಗೂ ಯಾರೋ ಕಲಿಸಿದ್ದರು. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಂದ ತಿಂಗಳಲ್ಲೇ ಏಳನೆಯ ತರಗತಿಯವರನ್ನು ಗೋಡೆಯ ಮುಂದೆ ನಿಲ್ಲಿಸಿ, "ನೋಡಿ ಮಕ್ಕಳೇ, ನಿಮ್ಮ ಅಜ್ಜಂದಿರು, ಮುತ್ತಜ್ಜಂದಿರು. ನಲವತ್ತಮೂರು ಮನೆ, ನಲವತ್ತಮೂರು ಹೆಬ್ಬೆಟ್ಟು, ಒಂದೇ ಮನಸ್ಸು" ಎಂದು ಪಾಠ ಒಪ್ಪಿಸಿದಳು.

ಒಬ್ಬ ಹುಡುಗಿ ಬೆರಳಿಟ್ಟು ಎಣಿಸುತ್ತಿದ್ದಳು.

"ಮಿಸ್, ನಲವತ್ತೆರಡೇ ಇದಾವೆ."

"ಇವಳಿಗೆ ಏಳರ ಮಗ್ಗಿನೇ ಬರಲ್ಲ ಮಿಸ್, ಎಣಿಸೋಕೆ ಹೊರಟಿದಾಳೆ" ಎಂದ ಪಕ್ಕದ ಹುಡುಗ.

"ಹಾಗಾದರೆ ನೀನೇ ಎಣಿಸು" ಎಂದಳು ಶಿಕ್ಷಕಿ.

ಅವನು ಎಣಿಸಿದ. ನಲವತ್ತೆರಡು. ಇಡೀ ತರಗತಿ ಎಣಿಸಿತು. ನಲವತ್ತೆರಡು.

"ಒಂದು ಅಳಿಸಿಹೋಗಿರಬೇಕು" ಎಂದಳು ಶಿಕ್ಷಕಿ.

"ಅಳಿಸಿದ್ರೆ ಪಕ್ಕದಲ್ಲಿ ಹೆಸರಾದ್ರೂ ಇರ್ಬೇಕಲ್ಲ ಮಿಸ್? ಹೆಸರೂ ನಲವತ್ತೆರಡೇ ಇದಾವೆ" ಎಂದಳು ಹುಡುಗಿ.

ಶಿಕ್ಷಕಿ ಆ ಮಾತನ್ನು ಹೆಡ್ ಮೇಷ್ಟ್ರ ಹತ್ತಿರ ಒಯ್ದಳು. ಅವರು ನಕ್ಕರು. "ನೂರು ವರ್ಷದ ಕಾಗದ ಕಣಮ್ಮಾ. ಗೆದ್ದಲು ಒಂದು ಹೆಬ್ಬೆಟ್ಟು ತಿಂದಿದ್ದರೆ ತಿನ್ನಲಿ ಬಿಡು. ಅದೂ ಈ ಊರಿನದೇ ತಾನೇ?"

ಅವಳೂ ನಕ್ಕು ಬಂದಳು. ಒಂದು ವಾರ ಸುಮ್ಮನಿದ್ದಳು. ಆದರೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಆ ಒಂದು ಹೆಬ್ಬೆಟ್ಟು ಹೆಜ್ಜೆಹೆಜ್ಜೆಗೂ ಒತ್ತುತ್ತಿತ್ತು. ಎಂಟನೆಯ ದಿನ ಮಕ್ಕಳನ್ನು ಕಂಪ್ಯೂಟರ್ ಕೋಣೆಗೆ ಕರೆದೊಯ್ದು, ಆ ಪತ್ರ ಇರುವ ಜಾಗವನ್ನು ತಾನೇ ಹುಡುಕಿ ತೆರೆದಳು.

ಅಲ್ಲಿ ಹಾಳೆ ಪೂರ್ತಿಯಾಗಿತ್ತು. ಕಪ್ಪು ಬಟ್ಟೆಯ ಮೇಲೆ ನಾಲ್ಕು ಅಂಚೂ ಕಾಣುವಂತೆ ಇಟ್ಟು, ಪಕ್ಕದಲ್ಲಿ ಅಳತೆಯ ಪಟ್ಟಿಯನ್ನೂ ಇಟ್ಟು ಚಿತ್ರ ತೆಗೆದಿದ್ದರು. ಗೋಡೆಯ ಮೇಲಿನ ಚಿತ್ರ ಎಲ್ಲಿ ಮುಗಿದಿತ್ತೋ ಇಲ್ಲಿ ಹಾಳೆ ಅಲ್ಲಿ ಮುಗಿದಿರಲಿಲ್ಲ. ಇನ್ನೂ ಎರಡು ಬೆರಳಗಲ ಇತ್ತು. ಆ ಎರಡು ಬೆರಳಗಲದಲ್ಲಿ ನಲವತ್ತಮೂರು ಎಂಬ ಅಂಕಿ, ಒಂದು ಹೆಸರು. ಹೆಬ್ಬೆಟ್ಟು ಇರಬೇಕಾದ ಜಾಗ ಖಾಲಿ. ಅದರ ಕೆಳಗೆ, ಹಾಳೆಯ ತುದಿಗೆ ಇರುಕಿಸಿಕೊಂಡು, ಐದು ಸಾಲು ಸಣ್ಣ ಬರಹ.

ಅವಳು ಮತ್ತೆ ಹೆಡ್ ಮೇಷ್ಟ್ರ ಹತ್ತಿರ ಹೋದಳು. "ಇದನ್ನು ಕತ್ತರಿಸಿದ್ದು ಯಾರು, ಸಾರ್?"

"ನಾನೇ ಕಣಮ್ಮಾ. ತಂದ ಫ್ರೇಮು ಗಿಡ್ಡವಾಯಿತು. ಕೆಳಗೆ ಹೆಬ್ಬೆಟ್ಟಿಲ್ಲ, ಏನೋ ಗೀಚಿದೆ ಅಷ್ಟೇ. ಖಾಲಿ ಜಾಗ ಅಂತ ಮಡಚಿಸಿದೆ."

ಹಾಲೇಶನಿಗೆ ತಡೆಯಲಾಗಲಿಲ್ಲ. "ಅದರಲ್ಲಿ ತಪ್ಪೇನಿದೆ, ಗುರುಗಳೇ? ಫ್ರೇಮು ಗಿಡ್ಡವಾದರೆ ಪಾಪ ಅವರು ತಾನೇ ಏನು ಮಾಡಿಯಾರು?"

"ಫ್ರೇಮು ಬದಲಿಸಿಯಾರು" ಎಂದರು ಮೇಷ್ಟ್ರು.

ಇಡೀ ಪತ್ರದ ಹಾಗೆ ಆ ಐದು ಸಾಲೂ ಮೋಡಿ ಬರಹದಲ್ಲಿದ್ದವು. ಶಿಕ್ಷಕಿಗೂ ಮೋಡಿ ಬರುತ್ತಿರಲಿಲ್ಲ. ಬಲ್ಲವರನ್ನು ಹುಡುಕಿ ಓದಿಸಿಕೊಳ್ಳಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಮಕ್ಕಳಿಗೆ ಹೇಳಿದಳು, "ಮೇಲಿನ ನಲವತ್ತೆರಡು ಹೆಸರುಗಳಲ್ಲಿ ನಿಮ್ಮ ಮನೆಯವರದು ಯಾವುದು? ಮನೆಯಲ್ಲಿ ಕೇಳಿಕೊಂಡು ಬನ್ನಿ."

ಮಕ್ಕಳು ಮುತ್ತಜ್ಜನ ಹೆಸರನ್ನೂ ಅವನ ಮನೆ ಬೀದಿಯಲ್ಲಿ ಎಷ್ಟನೆಯದೆಂಬುದನ್ನೂ ಕೇಳಿಕೊಂಡು ಬಂದರು; ಶಾನುಭೋಗ ಹೆಸರು ಬರೆದದ್ದೂ ಮನೆಗಳ ಸಾಲಿನಂತೆಯೇ. ಹೆಸರು ಗೊತ್ತಾದ ಮೇಲೆ ಅಕ್ಷರ ಎಲ್ಲಿಗೆ ಹೋದೀತು? ಗುಡ್ಡಪ್ಪ ಎಂದು ತಿಳಿದವನಿಗೆ ಗು ಸಿಕ್ಕಿತು, ಡ ಸಿಕ್ಕಿತು, ಪ ಸಿಕ್ಕಿತು. ಬೊಮ್ಮಯ್ಯನ ಮನೆಯವಳು ಬೊ ತಂದಳು, ಮ ತಂದಳು. ಪರದೆಯ ಮೇಲೆ ಹಾಳೆಯನ್ನು ಹಿಗ್ಗಿಸಿ ಹಿಗ್ಗಿಸಿ, ಒಂದೊಂದು ಅಕ್ಷರದ ಆಕಾರವನ್ನೂ ಮಕ್ಕಳು ಪಟ್ಟಿಯಲ್ಲಿ ಬರೆದುಕೊಂಡರು. "ನಿಮ್ಮಜ್ಜನ ಹೆಬ್ಬೆಟ್ಟು ಸೊಟ್ಟಗಿದೆ ನೋಡೋ" ಎಂದು ಒಬ್ಬ. "ನಿಮ್ಮಜ್ಜ ಶಾಯಿನೇ ಕುಡಿದಂಗಿದೆ, ಹೋಗೋ" ಎಂದು ಇನ್ನೊಬ್ಬ. ಶಿಕ್ಷಕಿ ಗದರಿಸಲಿಲ್ಲ. ಜಗಳವಾಡುತ್ತಿದ್ದವರು ಅಕ್ಷರಕ್ಕಾಗಿ ಜಗಳವಾಡುತ್ತಿದ್ದರು.

ಹೀಗೆ ಹದಿನೇಳು ದಿನ. ಮೊದಲು ಬಗೆಹರಿದದ್ದು ಮೇಲಿನ ಒಕ್ಕಣೆ. ಅಲ್ಲಿ "ಮಜಕೂರು ಬಯಲು ಪೂರಾ" ಎಂದಿತ್ತು. ಮಜಕೂರು ಎಂದರೆ ಮೇಲೆ ಹೇಳಿದ.

"ಪೂರಾ ಅಂದ್ರೆ ಎಲ್ಲಾನಾ ಮಿಸ್? ಒಂದು ಮೂಲೆ ಕೊಟ್ಟಿದ್ವಿ ಅಂತ ನಮ್ಮಜ್ಜಿ ಹೇಳೋದು" ಎಂದ ಒಬ್ಬ.

"ನಮ್ಮನೇಲೂ ಮೂಲೆ ಅಂತಾನೇ ಹೇಳೋದು" ಎಂದಳು ಇನ್ನೊಬ್ಬಳು. "ಆಮೇಲೆ ಹಾಸು ಹಾಕೋಕೆ ಜಾಗ ಇಲ್ದೆ ಬೀದೀಲಿ ಹಾಕ್ತಿದ್ರಂತೆ. ಗಾಡಿ ಬಂದ್ರೆ ಹಾಸು ಬಿಚ್ಚಬೇಕಂತೆ. ಎತ್ತು ತುಳಿದ್ರೆ ತಿಂಗಳ ಕೆಲಸ ಮಣ್ಣುಪಾಲಂತೆ."

ಕೊನೆಗೆ ಐದು ಸಾಲುಗಳಿಗೆ ಬಂದರು. ಒಂದೊಂದು ಪದಕ್ಕೂ ಮೂರು ಮೂರು ಸಲ ಪಟ್ಟಿ ನೋಡಿದರು. ಐದನೆಯ ಸಾಲು ಮುಗಿದಾಗ ತರಗತಿಯಲ್ಲಿ ಗದ್ದಲ ನಿಂತಿತು. ನಲವತ್ತಮೂರನೆಯ ಹೆಸರು ಮಾಳಕ್ಕ ಎಂಬ ಹೆಂಗಸಿನದು. ಅಷ್ಟು ದಿನ ನಮ್ಮಜ್ಜ ನಮ್ಮಜ್ಜ ಎಂದು ಕುಣಿದಾಡಿದ ಮಕ್ಕಳಲ್ಲಿ ಒಬ್ಬರೂ ಇವಳು ನಮ್ಮವಳು ಎನ್ನಲಿಲ್ಲ. ಯಾರ ಮನೆಯಲ್ಲೂ ಆ ಹೆಸರು ಉಳಿದಿರಲಿಲ್ಲ.

"ಐದು ಸಾಲಿನಲ್ಲಿ ಏನಿತ್ತು?" ಎಂದ ಹಾಲೇಶ.

"ಸಾರಾಂಶ ಹೇಳಲೇ?"

ಹಾಲೇಶ ತಲೆ ತಗ್ಗಿಸಿದ.

"ಕಾಗದ ಬರುತ್ತದೆ, ತಾಳು" ಎಂದರು ಮೇಷ್ಟ್ರು.

ಅದು ಶಾಲೆಗೆ ನೂರು ತುಂಬುವ ವರ್ಷ. ಹಬ್ಬಕ್ಕೆ ಮೂರು ದಿನ ಉಳಿದಿತ್ತು. ದೊಡ್ಡ ದೊಡ್ಡವರನ್ನು ಕರೆದಿದ್ದರು. ಆ ಶಾಲೆಗೆ ಮಾದರಿ ಶಾಲೆ ಎಂಬ ಬಿರುದು ಅಂದೇ ಬರುವುದಿತ್ತು. ಬರುವುದೂ ಆ ಹೆಬ್ಬೆಟ್ಟಿನ ಹಬ್ಬದ ಹೆಸರಿನಲ್ಲೇ. ಸಭೆಯಲ್ಲಿ ಪತ್ರದ ಬಗ್ಗೆ ಮಾತನಾಡುವ ಕೆಲಸವನ್ನು ಹೊಸ ಶಿಕ್ಷಕಿಗೆ ಒಪ್ಪಿಸಿದ್ದರು. ಅವಳು ಐದು ಸಾಲುಗಳನ್ನು ಬಿಳಿ ಹಾಳೆಯ ಮೇಲೆ ಬರೆದು ಹೆಡ್ ಮೇಷ್ಟ್ರ ಮೇಜಿನ ಮೇಲಿಟ್ಟಳು.

ಅವರು ಓದಿದರು. ಎರಡನೆಯ ಸಲ ಓದಿದರು. ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನೋಡಮ್ಮಾ," ಎಂದರು, "ನಾನು ಸುಳ್ಳು ಹೇಳು ಎನ್ನುತ್ತಿಲ್ಲ. ಇದಿಷ್ಟನ್ನು ಹೇಳಬೇಡ ಎನ್ನುತ್ತಿದ್ದೇನೆ. ಸುಳ್ಳು ಬೇರೆ, ಸುಮ್ಮನಿರುವುದು ಬೇರೆ. ಎಂಟು ವರ್ಷದಿಂದ ಈ ಊರಿನ ಮಕ್ಕಳು ಒಗ್ಗಟ್ಟು ಕಲಿತಿದ್ದಾರೆ. ಎರಡು ಬೆರಳಗಲಕ್ಕಾಗಿ ಅದನ್ನು ಕೆಡಿಸುತ್ತೀಯಾ?"

"ಆ ಎರಡು ಬೆರಳಗಲವನ್ನು ಓದಿದವರು ಅದೇ ಮಕ್ಕಳು, ಸಾರ್."

"ಮಕ್ಕಳು ಮರೆಯುತ್ತಾರೆ. ಮುಂದಿನ ವರ್ಷ ಬೇಕಾದರೆ ಗೋಡೆಗೂ ಹಾಕೋಣ, ಸಭೆಯಲ್ಲೂ ಓದೋಣ. ಈ ವರ್ಷ ಬೇಡ." ಅವರು ಮೆಲ್ಲಗೆ ಸೇರಿಸಿದರು, "ನೀನು ಖಾಯಂ ಆಗುವ ಕಾಗದ ಬಂದಿದೆ. ಇಲ್ಲೇ ಇದೆ. ನಾನಿನ್ನೂ ರುಜು ಹಾಕಿಲ್ಲ."

ಶಿಕ್ಷಕಿ ಮೇಜಿನ ಮೇಲಿದ್ದ ಆ ಕಾಗದವನ್ನು ನೋಡಿದಳು. ಎರಡು ವರ್ಷ ಊರಿಂದ ಊರಿಗೆ ಅಲೆದು ಹಿಡಿದ ಕೆಲಸ ಅದು. ಮುಂದಿನ ವರ್ಷ ಎಂಬ ಮಾತು ಎಷ್ಟು ಮೃದುವಾಗಿತ್ತೆಂದರೆ, ಅದರ ಮೇಲೆ ತಲೆಯಿಟ್ಟು ಮಲಗಬಹುದಿತ್ತು.

ಅವಳು ಕೇಳಿದಳು, "ಸಾರ್, ರುಜು ಹಾಕುವ ಮೊದಲು ಆ ಕಾಗದವನ್ನು ಓದುತ್ತೀರಿ ತಾನೇ?"

"ಓದದೆ ರುಜು ಹಾಕೋಕೆ ನನಗೇನು ಹುಚ್ಚೇನಮ್ಮಾ?"

ಆಡಿದ ಮೇಲೆ ಆ ಮಾತು ಹೆಡ್ ಮೇಷ್ಟ್ರಿಗೇ ಕೇಳಿಸಿತು. ಆದರೂ ಅವರು ಒಪ್ಪಲಿಲ್ಲ. "ಸಭೆಯಲ್ಲಿ ಹಳೆಯ ಚಿತ್ರವೇ" ಎಂದು ಎದ್ದು ಹೋದರು.

ಹಬ್ಬದ ದಿನ ಬಂತು. ಮೇಜಿನ ಮೇಲೆ ಬಿಳಿ ಹಾಳೆ ಹಾಸಿತ್ತು. ಶಾಯಿಯ ಡಬ್ಬಿ ತೆರೆದಿತ್ತು. ಮಕ್ಕಳು ಸಾಲಾಗಿ ನಿಂತಿದ್ದರು. ಊರಿಗೆ ಊರೇ ಬಂದು ಕೂತಿತ್ತು. ಪರದೆಯ ಮೇಲೆ ಗೋಡೆಯ ಚಿತ್ರವನ್ನೇ ಹಾಕಿಸಿದ್ದರು, ನಲವತ್ತೆರಡನೆಯ ಸಾಲಿಗೆ ಮುಗಿಯುವಂಥದ್ದು.

ಶಿಕ್ಷಕಿಯನ್ನು ಕರೆದರು. ಅವಳು ಮೈಕಿನ ಹತ್ತಿರ ಹೋಗಲಿಲ್ಲ. ಕಂಪ್ಯೂಟರಿನ ಹತ್ತಿರ ಹೋದಳು. ಆ ಚಿತ್ರವನ್ನು ಮುಚ್ಚಿದಳು. ಅಂತರ್ಜಾಲದಲ್ಲಿದ್ದ ಹಾಳೆಯನ್ನು ತೆರೆದಳು, ನಾಲ್ಕು ಅಂಚು ಸಮೇತ.

ಹೆಡ್ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಎಲ್ಲರೂ ಪರದೆಯನ್ನು ನೋಡುತ್ತಿದ್ದರು. ಅವರು ಕೂತರು.

"ಬಂದ ಹೊಸದರಲ್ಲಿ ನಾನು ಈ ಮಕ್ಕಳಿಗೆ ಓದದ ಕಾಗದದ ಪಾಠ ಮಾಡಿದೆ. ತಪ್ಪಾಯಿತು. ಈಗ ಅವರೇ ಓದಿದ್ದಾರೆ. ಅವರ ಬಾಯಲ್ಲೇ ಕೇಳಿ" ಎಂದು ಶಿಕ್ಷಕಿ ಪಕ್ಕಕ್ಕೆ ನಿಂತಳು.

ಏಳನೆಯ ತರಗತಿಯವರು ಎದ್ದು ನಿಂತರು. ಒಕ್ಕಣೆಯನ್ನು ಓದಿದರು. "ಬಯಲು ಪೂರಾ" ಎಂದಾಗ ಮುದುಕಿಯರ ಸಾಲಿನಲ್ಲಿ ಪಿಸುಮಾತು ಎದ್ದಿತು. "ಮೂಲೆ ಅಂದಿದ್ರು, ಮೂಲೆ" ಎಂದು ಒಬ್ಬಾಕೆ ಗಟ್ಟಿಯಾಗಿಯೇ ಹೇಳಿದಳು. ಮಕ್ಕಳು ನಿಲ್ಲಿಸಲಿಲ್ಲ. ಒಬ್ಬೊಬ್ಬರು ಒಂದೊಂದು ಹೆಸರಿನಂತೆ ನಲವತ್ತೆರಡು ಹೆಸರನ್ನೂ ಓದಿದರು. ತಮ್ಮ ಮನೆಯ ಹೆಸರು ಬಂದಾಗ ಆಯಾ ಮನೆಯವರು ಚಪ್ಪಾಳೆ ತಟ್ಟಿದರು.

ಆಮೇಲೆ, ಅಂದು ಗೋಡೆಯ ಮುಂದೆ ಹೆಬ್ಬೆಟ್ಟು ಎಣಿಸಿದ್ದ ಹುಡುಗಿ ಮುಂದೆ ಬಂದಳು. ಚೀಟಿ ನೋಡಲಿಲ್ಲ. ಪರದೆಯ ಮೇಲಿನ ಹಾಳೆಯನ್ನೇ ನೋಡುತ್ತ, ಅದರ ಕೆಳಗಿನ ಅಂಚನ್ನು ಓದಿದಳು.

"ನಂಬರು ನಲವತ್ತಮೂರು. ಕಂಬಳಿ ನೇಯುವ ಮಾಳಕ್ಕ. ಹೆಬ್ಬೆಟ್ಟು ಗುರುತು ಇಲ್ಲ. ಕಾರಣ, ಸದರಿಯವಳು, ಬಾಯಲ್ಲಿ ಮೂಲೆ ಎನ್ನುತ್ತೀರಿ, ಕಾಗದದಲ್ಲಿ ಏನಿದೆ ಓದಿ ಹೇಳಿ, ಆಮೇಲೆ ಒತ್ತುತ್ತೇನೆ ಎಂದಳು. ನಲವತ್ತೆರಡು ಮನೆಯವರು ಕೇಳದ್ದನ್ನು ನೀನೊಬ್ಬಳು ಯಾಕೆ ಕೇಳುತ್ತೀ ಎಂದು ಪಂಚರು ಹೇಳಿದರು. ಓದಿ ಹೇಳಲು ವೇಳೆ ಇರಲಿಲ್ಲ. ಶಾಯಿ ಮುಂದೆ ಹಿಡಿದಾಗ ಸದರಿಯವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಎದ್ದು ಹೋದಳು."

ರುದ್ರಮುನಿ ಮೇಷ್ಟ್ರು ಅಲ್ಲಿಗೆ ಕತೆ ನಿಲ್ಲಿಸಿದರು.

 

"ಆಮೇಲೆ, ಗುರುಗಳೇ? ಆ ಬಿರುದು ಬಂತೇ? ಆ ಮೇಡಂ ಕೆಲಸ ಏನಾಯಿತು? ಹೆಡ್ ಮೇಷ್ಟ್ರು ರುಜು ಹಾಕಿದರೇ?" ಎಂದು ಹಾಲೇಶ ಒಂದೇ ಉಸಿರಿಗೆ ಕೇಳಿದ. "ಮಂಗಳವಾರಕ್ಕೆ ಇನ್ನು ಎರಡೇ ದಿನ ಇದೆ. ಅಷ್ಟರಲ್ಲಿ ಒಂದು ಹಾಳೆ ಮೋಡಿಯನ್ನು ನಾನು ಹೇಗೆ ಓದಲಿ?"

ಮೇಷ್ಟ್ರು ಅವನನ್ನು ನೋಡಿದರು.

"ಓದು ಬಾರದವಳು ಮಾಳಕ್ಕ, ಹಾಲೇಶ, ನೀನಲ್ಲ."